ಹಿಂದೆ ಕೂತವರು

ಮಗಳ ಹೆರಿಗೆಗೆಂದು ಹೋಗಿದ್ದ ಅಕ್ಕ ವಾಪಸು ಬಂದ ದಿನ ಕೈಚೀಲವನ್ನು ಮುಂಬಾಗಿಲ ಮೆಟ್ಟಿಲ ಮೇಲಿಟ್ಟಳೇ ಹೊರತು ಒಳಗೆ ಹೋಗಲಿಲ್ಲ. ಮನೆಯನ್ನು ಸುತ್ತುಹಾಕಿ ಹಿಂದಿನ ಶೆಡ್ಡಿಗೆ ನಡೆದಳು. ಅದೇನೂ ಹೊಸದಲ್ಲ. ಎಲ್ಲಿಂದ ಬಂದರೂ ಗಂಡನ ಮುಖಕ್ಕಿಂತ ಮೊದಲು ಗಾಡಿಯ ಮುಖ ನೋಡುವುದು ಅವಳ ರೂಢಿ. "ನಮ್ಮನೇಲಿ ಕೋಣಕ್ಕೆ ಮೊದಲ ಮಣೆ, ಮಿಕ್ಕಿದ್ದು ನನಗೆ" ಅಂತ ಗಂಡ ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದ.

ಕೋಣ ಅಂದರೆ ಟ್ರಕ್ಕು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ, ಕಲ್ಲು ಕೆಸರು ಹಳ್ಳ ಯಾವುದಕ್ಕೂ ಜಗ್ಗದ ಹಳೇ ಕಾಲದ ಗಾಡಿ. ಅಕ್ಕ ಆಸ್ಪತ್ರೆಯಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದವಳು. ಆಗ ಬೆಟ್ಟದ ಮೇಲಿನ ಹಳ್ಳಿಗಳಿಗೆ ರಸ್ತೆಯೇ ಇರಲಿಲ್ಲ. ಆಸ್ಪತ್ರೆಯವರು ಈ ಟ್ರಕ್ಕಿನ ಹಿಂಭಾಗದಲ್ಲಿ ಮಂಚ ಕೂರಿಸಿ, ಬಿಳಿ ಬಣ್ಣ ಬಳಿಸಿ ಅವಳ ಕೈಗೆ ಕೊಟ್ಟಿದ್ದರು. ನೋವು ತಿನ್ನುವ ಬಸುರಿಯರು, ಮರದಿಂದ ಬಿದ್ದವರು, ಹಾವು ಕಚ್ಚಿಸಿಕೊಂಡವರು ಎಲ್ಲ ಅದರ ಬೆನ್ನ ಮೇಲೆ ಮಲಗಿ ಬೆಟ್ಟ ಇಳಿದವರೇ. ಊರವರು ಅವಳನ್ನು ಅಕ್ಕ ಅನ್ನತೊಡಗಿದ್ದೂ ಆಗಲೇ. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕ ಅಂತಲೇ ಕರೆಯುತ್ತಿದ್ದರು. ಆಮೇಲೆ ರಸ್ತೆ ಬಂತು, ಹೊಸ ವ್ಯಾನುಗಳು ಬಂದವು, ಅವಳಿಗೂ ನಿವೃತ್ತಿಯಾಯಿತು. ಟ್ರಕ್ಕು ಆಸ್ಪತ್ರೆಯ ಹಿಂದೆ ಮರದ ಕೆಳಗೆ ಕೂತು ತುಕ್ಕು ಹಿಡಿಯಿತು. ಗುಜರಿಯವನು ಬಂದು ನೋಡಿಕೊಂಡು ಹೋದ ಸುದ್ದಿ ಕಿವಿಗೆ ಬಿದ್ದದ್ದೇ ಅಕ್ಕ ಹೋಗಿ ತಾನೇ ಅದನ್ನು ಕೊಂಡು, ಮನೆಗೆ ಎಳೆಸಿಕೊಂಡು ಬಂದಳು.

ಅಲ್ಲಿಂದಾಚೆ ವರ್ಷಗಟ್ಟಲೆ ಅದೇ ಕೆಲಸ. ಹಪ್ಪಳದಂತಾಗಿದ್ದ ನೆಲದ ತಗಡನ್ನು ಕತ್ತರಿಸಿ ತೆಗೆದು ಹೊಸದನ್ನು ಬೆಸುಗೆ ಹಾಕಿಸಿದಳು. ಇಲಿ ತಿಂದ ವೈರುಗಳನ್ನು ಒಂದೊಂದಾಗಿ ಎಳೆದು ಬದಲಾಯಿಸಿದಳು. ಗೇರ್‌ಬಾಕ್ಸನ್ನು ಹಳೇ ಬೆಡ್‌ಶೀಟಿನ ಮೇಲೆ ಹರವಿಕೊಂಡು ಮತ್ತೆ ಜೋಡಿಸಿದಳು. ಕಾಡಿನ ನಡುವೆ ಗಾಡಿ ಕೆಟ್ಟಾಗ ಯಾರೂ ಬರುವುದಿಲ್ಲ ಅನ್ನುವ ಕಾಲದಲ್ಲಿ ಕಲಿತ ವಿದ್ಯೆ ಅದು, ಕೈಬಿಟ್ಟು ಹೋಗಿರಲಿಲ್ಲ. ಕಡೆಗೆ ಎಂಜಿನ್ ಹಿಡಿದಳು. ಅದು ಕೆಮ್ಮಿ, ಕರೀ ಹೊಗೆ ಉಗುಳಿ ಶುರುವಾದ ದಿನ ಪಕ್ಕದ ಮನೆಯವರು ಬೆಂಕಿ ಬಿದ್ದಿದೆ ಅಂದುಕೊಂಡು ಬಿಂದಿಗೆ ಹಿಡಿದು ಓಡಿಬಂದಿದ್ದರು.

ಓಡುವುದೆಲ್ಲ ಸರಿಯಾಗಿತ್ತು, ನಿಲ್ಲುವುದೊಂದು ಬಾಕಿ. ಬ್ರೇಕಿನ ಎಣ್ಣೆಯನ್ನು ಚಕ್ರಗಳಿಗೆ ತಳ್ಳುವ ಸಿಲಿಂಡರಿನೊಳಗೆ ರಬ್ಬರ್ ಸವೆದುಹೋಗಿತ್ತು. ಪೆಡಲನ್ನು ಎರಡು ಮೂರು ಸಲ ಒತ್ತಿ ಒತ್ತಿ ಹಿಡಿದರೆ ಬ್ರೇಕ್ ಇದ್ದ ಹಾಗೆ ಅನಿಸುತ್ತಿತ್ತು, ಇನ್ನೊಂದು ಸಲ ಒತ್ತಿದರೆ ಕಾಲು ನೆಲ ಮುಟ್ಟುತ್ತಿತ್ತು. ಹೊಸ ರಬ್ಬರಿಗೆ ಹೇಳಿಕಳಿಸಿ, ಅದು ಬರುವುದರೊಳಗೆ ಮಗಳ ಕಡೆಯಿಂದ ಫೋನು ಬಂದು ಅಕ್ಕ ಹೊರಟಿದ್ದಳು. ಹೊರಡುವ ಮುಂಚೆ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ "ಬ್ರೇಕ್ ಇಲ್ಲ. ಮುಟ್ಟಬೇಡಿ" ಅಂತ ಬರೆದು ಸ್ಟೀರಿಂಗಿಗೆ ಕಟ್ಟಿದ್ದಳು. ಗಂಡನಿಗೆ ಬಾಯಲ್ಲೂ ಹೇಳಿದ್ದಳು.

ಈಗ ಶೆಡ್ಡಿನ ಬಾಗಿಲು ತೆಗೆದವಳಿಗೆ ಮೊದಲು ಕಂಡದ್ದು ಟಾರ್ಪಾಲಿನ ಗಂಟು. ಅದು ಅವಳು ಹಾಕಿದ ಗಂಟಲ್ಲ. ಟಾರ್ಪಾಲು ಎಳೆದು ನೋಡಿದರೆ ಗಾಡಿ ಥಳಥಳ ಹೊಳೆಯುತ್ತಿದೆ. ಧೂಳು ಹಿಡಿದು ಕೂತಿರಬೇಕಾದ ಗಾಡಿ, ಹಾಲು ಕುಡಿದ ಬೆಕ್ಕು ಮೀಸೆ ಒರೆಸಿಕೊಂಡು ಕೂತ ಹಾಗೆ ಕೂತಿತ್ತು. ಸ್ಟೀರಿಂಗಿನ ಮೇಲೆ ರಟ್ಟು ಇರಲಿಲ್ಲ. ಅಕ್ಕ ಬಾನೆಟ್ ಎತ್ತಿ, ಆಯಿಲ್ ನೋಡುವ ಕಡ್ಡಿಯನ್ನು ಹೊರಗೆಳೆದಳು. ಕಪ್ಪಗಿರಬೇಕಾದ ಆಯಿಲ್ ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿತ್ತು. ಎಂಜಿನ್ನಿನೊಳಗೆ ನೀರು ಹೋಗಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಗಂಡ ಬಾಗಿಲಲ್ಲಿ ಬಂದು ನಿಂತ. ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನು, ಯಾರ ಜೊತೆಗೂ ಜೋರು ಮಾತಾಡಿದವನಲ್ಲ.

"ಬಂದ್ಯಾ? ಮಗು ಹೇಗಿದೆ? ಯಾರ ಹಾಗಿದೆ ನೋಡೋಕೆ?"

"ಯಾರು ತಗೊಂಡುಹೋಗಿದ್ದು ಗಾಡೀನ?"

"ನಿನ್ನ ತಮ್ಮ ಬಂದಿದ್ದ. ಬ್ಯಾಟರಿ ಸತ್ತುಹೋಗತ್ತೆ ಭಾವ, ಒಂದು ಸಲ ಸ್ಟಾರ್ಟ್ ಮಾಡಿ ಇಡ್ತೀನಿ ಅಂದ. ಕೀ ಕೊಟ್ಟೆ."

"ಸ್ಟಾರ್ಟ್ ಮಾಡಿದ್ರೆ ಎಂಜಿನ್ನಿಗೆ ನೀರು ಹೇಗೆ ಹೋಗತ್ತೆ?"

"ತೊಳೆದಿದ್ದ ಅಂತ ಕಾಣತ್ತೆ. ತೊಳೆಯೋವಾಗ ಏನಾದ್ರೂ..." ಅಂತ ಗಂಡ ಅಡ್ಡಗೋಡೆಯ ಮೇಲೆ ದೀಪ ಇಟ್ಟ.

ಅಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಅಂತ ಆಸ್ಪತ್ರೆಯಲ್ಲಿ ಹೆಸರಿತ್ತು. ಆದರೆ ಅವತ್ತು ಅವಳು ಕೂಗಾಡಲಿಲ್ಲ. ಕಡ್ಡಿಯನ್ನು ಚಿಂದಿಬಟ್ಟೆಯಲ್ಲಿ ಒರೆಸಿ ವಾಪಸು ಇಟ್ಟಳು. ಅಲ್ಲೇ ನಿಂತು ತಮ್ಮನಿಗೆ ಫೋನು ಮಾಡಿದಳು. ತಮ್ಮನದು ಊರ ಹೆದ್ದಾರಿಯ ಪಕ್ಕ ದೊಡ್ಡ ಟೈಲ್ಸ್ ಅಂಗಡಿ. ಅದಕ್ಕಿಂತ ದೊಡ್ಡದು ಅವನ ಬಾಯಿ. ಹೊಸ ಹೊಸ ಜೀಪು ಇಟ್ಟುಕೊಂಡ ಗೆಳೆಯರನ್ನೆಲ್ಲ ಕೂಡಿಸಿ "ಕಾಡುದಾರಿ ಬಳಗ" ಅಂತ ಮಾಡಿಕೊಂಡಿದ್ದ. ಭಾನುವಾರ ಬಂತೆಂದರೆ ಅವರೆಲ್ಲ ಎಲ್ಲಾದರೂ ಕೆಸರಿಗೆ ಬಿದ್ದು ಎದ್ದು ಬರುತ್ತಿದ್ದರು.

"ಗಾಡಿಗೆ ಏನಾಯ್ತೋ?"

"ಏನಾಗತ್ತೆ ಅಕ್ಕ? ಶೆಡ್ಡಲ್ಲೇ ಇದ್ಯಲ್ಲ. ಒಂದು ರೌಂಡ್ ಹಾಕಿಸಿದೆ ಅಷ್ಟೇ. ತೊಳೆದು ಪಾಲಿಶ್ ಬೇರೆ ಮಾಡಿಸಿಟ್ಟಿದೀನಿ, ಅದಕ್ಕೊಂದು ಥ್ಯಾಂಕ್ಸ್ ಇಲ್ಲ."

"ಎಂಜಿನ್ನಲ್ಲಿ ನೀರಿದೆ."

"ಹಳೇ ಗಾಡಿ ಅಲ್ವಾ, ಎಲ್ಲಿಂದಾದ್ರೂ ಸೋರಿರತ್ತೆ. ನೀನು ಮೊದಲು ಊಟ ಮಾಡು, ರೆಸ್ಟ್ ತಗೋ. ಮಗು ಫೋಟೋ ಕಳಿಸು."

ಅಕ್ಕ ಫೋನು ಇಟ್ಟಳು.

ಮಾರನೆ ದಿನವೇ ಎಂಜಿನ್ ಬಿಚ್ಚಲು ಕೂತಳು. ಗಾಳಿ ಒಳಗೆಳೆಯುವ ಕೊಳವೆಯಲ್ಲಿ ಮರಳು ಸಿಕ್ಕಿತು, ನುಣ್ಣಗಿನ ಹೊಳೆಯ ಮರಳು. ಮುಚ್ಚಳದ ಹಾಗಿರುವ ಹೆಡ್ ಎತ್ತಿ, ಕೈಯಿಂದ ಎಂಜಿನ್ ತಿರುಗಿಸಿ ನೋಡಿದಳು. ಮೂರು ಪಿಸ್ಟನ್ನುಗಳು ಮೇಲೆ ಬಂದಾಗ ಅಂಚಿಗೆ ಸಮನಾಗಿ ನಿಲ್ಲುತ್ತಿದ್ದವು. ನಾಲ್ಕನೆಯದು ಗೂನು ಬಿದ್ದವನ ಹಾಗೆ ಕೆಳಗೇ ಉಳಿಯುತ್ತಿತ್ತು. ಅದನ್ನು ಮೇಲಕ್ಕೆ ತಳ್ಳುವ ರಾಡು ಬಾಗಿತ್ತು. ಎಂಜಿನ್ನಿನೊಳಗೆ ನೀರು ತುಂಬಿ ನಿಂತ ಗಾಡಿಯನ್ನು ಗೇರಿಗೆ ಹಾಕಿ ಹಗ್ಗದಲ್ಲಿ ಎಳೆದು ಸ್ಟಾರ್ಟ್ ಮಾಡಲು ಹೋದರೆ ಹೀಗಾಗುತ್ತದೆ. ನೀರು ಗಾಳಿಯ ಹಾಗೆ ಮುದುಡುವುದಿಲ್ಲ, ಕಬ್ಬಿಣವೇ ಬಾಗಬೇಕು. ಹೊಳೆಗೆ ಇಳಿಸಿದ್ದಾನೆ, ಮುಳುಗಿಸಿದ್ದಾನೆ, ಎಳೆದು ಸಾಯಿಸಿದ್ದಾನೆ, ಹೆಣಕ್ಕೆ ಸ್ನಾನ ಮಾಡಿಸಿ ಬಟ್ಟೆ ಹೊದಿಸಿ ಮಲಗಿಸಿದ್ದಾನೆ. "ಕೈ ಕೆಸರು ನನ್ನದು, ಬಾಯಿ ಮೊಸರು ಅವನದು" ಅಂದುಕೊಂಡು ಅಕ್ಕ ಸ್ಪ್ಯಾನರನ್ನು ಡಬ್ಬಿಗೆ ಎಸೆದಳು. ಆ ಸದ್ದಿಗೆ ಅಡುಗೆಮನೆಯಲ್ಲಿದ್ದ ಗಂಡ ಬೆಚ್ಚಿಬಿದ್ದ.

ಭಾನುವಾರ ತಮ್ಮನ ಮಗಳು ಬಂದಳು. ಕಾಲೇಜು ಓದುವ ಹುಡುಗಿ, ಅಕ್ಕನೆಂದರೆ ಪ್ರಾಣ. ಬಾಣಂತಿಯನ್ನೂ ಮಗುವನ್ನೂ ವಿಚಾರಿಸಿ, ಶೆಡ್ಡಿಗೆ ಬಂದವಳು ಬಿಚ್ಚಿಟ್ಟ ಎಂಜಿನ್ ನೋಡಿ ನಿಂತುಬಿಟ್ಟಳು.

"ಅಯ್ಯೋ ಅತ್ತೆ, ಯಾಕೆ ಬಿಚ್ಚಿದ್ರಿ? ಹೊಳೆವರೆಗೂ ಚೆನ್ನಾಗಿ ಓಡ್ತಿತ್ತಲ್ಲ."

"ನೀನೂ ಹೋಗಿದ್ಯಾ ಅವತ್ತು?"

"ಹೂಂ. ಅಪ್ಪ ನಿಮಗೆ ವಿಡಿಯೋ ತೋರಿಸಿಲ್ವಾ? ಊರೆಲ್ಲ ನೋಡಿದಾರೆ." ಹುಡುಗಿ ಸಂಭ್ರಮದಿಂದ ಫೋನು ತೆಗೆದಳು. "ಹೊಳೆಗೆ ಹೇಗೆ ಹಾರಿಸಿದ್ರು ನೋಡಿ."

ಹೊಳೆಯ ಆಚೆ ದಡದಲ್ಲಿ ನಿಂತು ಯಾರೋ ತೆಗೆದ ಚಿತ್ರ. ಎದುರಿನ ದಿಬ್ಬದ ಮೇಲಿಂದ ಬಿಳೀ ಟ್ರಕ್ಕು ತಿರುವು ತಿರುವಾಗಿ ಇಳಿಯುತ್ತಿದೆ. ಹಿಂದೆ ಬಳಗದವರು, ಅವರ ಹೆಂಡತಿಯರು ತುಂಬಿಕೊಂಡಿದ್ದಾರೆ. ಎಲ್ಲರಿಗಿಂತ ಹಿಂದೆ, ಹಿಂಬಾಗಿಲ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತವಳು ಈ ಹುಡುಗಿ. ಗಾಡಿ ಬರಬರುತ್ತಾ ವೇಗ ಹೆಚ್ಚಿತು. ದಡದಲ್ಲಿ ನಿಂತವರು ಶಿಳ್ಳೆ ಹಾಕಿದರು. ಗಾಡಿ ನೇರ ನೀರಿಗೆ ನುಗ್ಗಿತು, ಎರಡೂ ಕಡೆ ನೀರು ರೆಕ್ಕೆ ಬಿಚ್ಚಿದ ಹಾಗೆ ಎದ್ದಿತು, ಹಿಂದೆ ಕೂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಕಿರುಚಿ ನಕ್ಕರು. ಅಲ್ಲಿಗೆ ವಿಡಿಯೋ ಮುಗಿಯಿತು.

"ಇನ್ನೊಂದ್ಸಲ ಹಾಕು" ಅಂದಳು ಅಕ್ಕ.

ಎರಡನೇ ಸಲ ಅವಳು ಗಾಡಿಯನ್ನು ನೋಡಲಿಲ್ಲ, ತಮ್ಮನನ್ನು ನೋಡಿದಳು. ಗಾಜಿನ ಹಿಂದೆ ಅವನ ತಲೆ ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ ಹೋಗುತ್ತಿತ್ತು. ಕಾಲಿನಿಂದ ಒದ್ದು ಒದ್ದು ಪೆಡಲು ಒತ್ತುವವನ ತಲೆ ಹಾಗೆ ಆಡುತ್ತದೆ. ಶಿಳ್ಳೆಯ ನಡುವೆ ಒಂದು ಕರಕರ ಸದ್ದು ಇತ್ತು. ಸಣ್ಣ ಗೇರಿಗೆ ಹಾಕಲು ಹೋಗಿ, ಅದು ಬೀಳದೆ ಹಲ್ಲು ಕಡಿದ ಸದ್ದು. ಆ ಗೇರ್‌ಬಾಕ್ಸಿನ ಹಲ್ಲುಗಳನ್ನು ಒಂದೊಂದಾಗಿ ತೊಳೆದು ಜೋಡಿಸಿದವಳಿಗೆ ಅದು ಗೊತ್ತಾಗದೇ ಇರುತ್ತದೆಯೆ?

ಅವನು ಹೊಳೆಗೆ ಹಾರಿಸಿರಲಿಲ್ಲ. ಗಾಡಿ ಅವನ ಕೈಬಿಟ್ಟು ಓಡಿತ್ತು. ಹೊಳೆ ಅಡ್ಡ ಬಂದು ನಿಲ್ಲಿಸಿತ್ತು. ಆ ಜಾಗದಲ್ಲಿ ಹೊಳೆಯ ಬದಲು ಬಂಡೆ ಇದ್ದಿದ್ದರೆ, ಗಾಡಿ ಒಂದು ಮಾರು ಪಕ್ಕಕ್ಕೆ ಹೊರಳಿದ್ದರೆ, ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತ ಈ ಹುಡುಗಿ ಇವತ್ತು ಇಲ್ಲಿ ನಿಂತಿರುತ್ತಿರಲಿಲ್ಲ.

ಅದುವರೆಗೆ ಗಾಡಿಗಾಗಿ ಉರಿಯುತ್ತಿದ್ದ ಸಿಟ್ಟು ಆ ಗಳಿಗೆಯಲ್ಲಿ ಬೇರೆಯೇ ಆಯಿತು. ಅಷ್ಟು ವರ್ಷ ಆ ಗಾಡಿಯ ಹಿಂದೆ ಮಲಗಿದವರು ಯಾರೂ ಅವಳನ್ನು ಬ್ರೇಕ್ ಇದೆಯಾ ಅಂತ ಕೇಳಿದವರಲ್ಲ. ಹಿಂದೆ ಕೂತವರು ಕೇಳುವುದಿಲ್ಲ, ಮುಂದೆ ಕೂತವನಿಗೆ ಗೊತ್ತಿರಬೇಕು.

"ನೀರಿಂದ ಮೇಲೆ ಬಂದ ಮೇಲೆ ನಿಮ್ಮಪ್ಪ ಏನು ಮಾಡಿದ?"

"ಏನಿಲ್ಲ ಅತ್ತೆ. ಹೇಗಿತ್ತು ಅಂದ್ರು. ಆಮೇಲೆ ಒಂದು ಕಲ್ಲಿನ ಮೇಲೆ ತುಂಬಾ ಹೊತ್ತು ಕೂತಿದ್ರು. ನೀರು ಕುಡಿಯೋಕೆ ಬಾಟ್ಲಿ ಕೊಟ್ಟೆ, ಮುಚ್ಚಳ ತೆಗೆಯೋಕೆ ಆಗಲಿಲ್ಲ, ಕೈ ನಡುಗ್ತಿತ್ತು. ಚಳಿಗೆ ಅಂದ್ರು."

"ಚಳಿಗಲ್ಲ" ಅಂದಳು ಅಕ್ಕ. "ಗಾಡಿಗೆ ಬ್ರೇಕ್ ಇರಲಿಲ್ಲ. ಅದು ಅವನಿಗೆ ಗೊತ್ತಿತ್ತು. ರಟ್ಟಿನ ಮೇಲೆ ಬರೆದು ಕಟ್ಟಿದ್ದೆ."

ಹುಡುಗಿ ಫೋನನ್ನು ನೋಡಿದಳು, ಬಿಚ್ಚಿಟ್ಟ ಎಂಜಿನ್ನನ್ನು ನೋಡಿದಳು. "ಆ ರಟ್ಟು ನಮ್ಮ ಕಾರಿನ ಡಿಕ್ಕೀಲಿದೆ" ಅಂದಳು. "ಏನಿದು ಅಂತ ಕೇಳಿದ್ದೆ. ಹಳೇದು, ಬಿಸಾಕೋದು ಅಂದಿದ್ರು."

ಅವಳು ಹೋದ ಮೇಲೆ ಅಕ್ಕ ಅಡುಗೆಮನೆಗೆ ಬಂದಳು. ಗಂಡ ತಟ್ಟೆ ಹಾಕುತ್ತಿದ್ದ.

"ಗಾಡಿ ಗೇಟು ದಾಟೋವಾಗ ನೀವು ಎಲ್ಲಿದ್ರಿ?"

ಅವನು ಸೌಟು ಕೆಳಗಿಟ್ಟ. ಇನ್ನು ಬಚ್ಚಿಟ್ಟು ಪ್ರಯೋಜನವಿಲ್ಲ ಅನ್ನುವುದು ಅವನಿಗೂ ಹೊಳೆಯಿತು. "ಬಾಗಿಲಲ್ಲೇ ಇದ್ದೆ."

"ಬ್ರೇಕ್ ಇಲ್ಲ ಅಂತ ಹೇಳಿದ್ರಾ?"

"ಹೇಳಿದೆ. ಅಂಗಳದಲ್ಲಿ ಒತ್ತಿ ನೋಡಿದೆ ಭಾವ, ಬ್ರೇಕ್ ಇದೆ, ಅಕ್ಕ ಸುಮ್ನೆ ಹೆದರಿಸ್ತಾಳೆ ಅಂದ. ಹೊರಗೆಲ್ಲ ಅವನ ಫ್ರೆಂಡ್ಸು ಕಾಯ್ತಿದ್ರು."

"ಆಮೇಲೆ?"

"ಆಮೇಲೇನು... ನಿಧಾನ ಹೋಗು ಅಂದೆ."

ಅಕ್ಕನಿಗೆ ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. "ನಿಧಾನ ಹೋಗು. ಬ್ರೇಕ್ ಇಲ್ಲದ ಗಾಡೀಲಿ ಅಷ್ಟು ಜನಾನ ಕೂರಿಸ್ಕೊಂಡು ಹೋಗೋನಿಗೆ ನೀವು ಹೇಳಿದ್ದು ನಿಧಾನ ಹೋಗು. ಇಲ್ಲ ಅನ್ನೋದಕ್ಕೆ ಎರಡು ಅಕ್ಷರ ಸಾಕಾಗಿತ್ತಲ್ರೀ. ಗೇಟಿಗೆ ಅಡ್ಡ ನಿಂತಿದ್ರೆ ನಿಮ್ಮ ಮೇಲೆ ಹತ್ತಿಸ್ಕೊಂಡು ಹೋಗ್ತಿದ್ನಾ?"

"ನಿನ್ನ ತಮ್ಮ ಅಂತ..."

"ನನ್ನ ತಮ್ಮ ಅಂತ ಅವನ ಮಗಳನ್ನೂ ಕಳಿಸಿಕೊಟ್ರಿ. ನಾನು ಬಂದ ಮೇಲೆ ನನ್ನ ಹತ್ರ ತೊಳೆಯೋವಾಗ ನೀರು ಹೋಯ್ತು ಅಂದ್ರಿ."

"ನಿನಗೆ ಬೇಜಾರಾಗಬಾರದು ಅಂತ."

"ಇನ್ಮೇಲೆ ನನ್ನ ಬೇಜಾರಿನ ಉಸಾಬರಿ ನಿಮಗೆ ಬೇಡ" ಅಂದು ಅಕ್ಕ ಹೋಗಿ ಮಲಗಿದಳು. ಊಟ ಹಾಗೇ ಆರಿತು.

ಬೆಳಗ್ಗೆ ಎದ್ದವಳು ಗಾಡಿಯ ಕೆಳಗೆ ತೂರಿ, ಬ್ರೇಕಿನ ಸಿಲಿಂಡರನ್ನು ಬಿಚ್ಚಿ ಒಂದು ಹಳೇ ಟವೆಲಿನಲ್ಲಿ ಸುತ್ತಿಕೊಂಡು ತಮ್ಮನ ಅಂಗಡಿಗೆ ನಡೆದಳು. ಅಂಗಡಿಯ ತುಂಬ ಹಾಲುಗಲ್ಲಿನ ಬಣ್ಣದ ಟೈಲುಗಳು. ಕಾಲಿಟ್ಟಲ್ಲೆಲ್ಲ ಮುಖ ಕಾಣುತ್ತಿತ್ತು. ತಮ್ಮನ ಮೇಜಿನ ಹಿಂದಿನ ಗೋಡೆಯ ಮೇಲೆ ಆಳೆತ್ತರದ ಫೋಟೋ ತೂಗಿತ್ತು. ಹೊಳೆಯ ನೀರನ್ನು ಸೀಳುತ್ತಿರುವ ಬಿಳೀ ಟ್ರಕ್ಕು, ಮೇಲೆ "ಕಾಡುದಾರಿ ಬಳಗ" ಅಂತ ಬಣ್ಣದ ಅಕ್ಷರ. ಎದುರು ಕುರ್ಚಿಯಲ್ಲಿ ಬಳಗದ ಒಬ್ಬ ಗೆಳೆಯ ಕೂತಿದ್ದ. ಆ ದಿನ ಹೆಂಡತಿಯ ಸಮೇತ ಟ್ರಕ್ಕಿನ ಹಿಂದೆ ಕೂತಿದ್ದವನು.

"ಬನ್ನಿ ಅಕ್ಕ" ಅಂತ ಗೆಳೆಯ ಎದ್ದು ನಿಂತ. "ನಿಮ್ಮ ತಮ್ಮ ಆ ಟ್ರಕ್ಕನ್ನ ಏನು ಚೆನ್ನಾಗಿ ರೆಡಿ ಮಾಡಿದಾರೆ ಅಂತೀರಿ."

ಅಕ್ಕ ತಮ್ಮನ ಕಡೆ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ ತಮ್ಮ ಕತ್ತಿನ ಪಟ್ಟಿ ಸರಿಮಾಡಿಕೊಂಡ.

ಅವಳು ಟವೆಲು ಬಿಚ್ಚಿ ಸಿಲಿಂಡರನ್ನು ಗಾಜಿನ ಮೇಜಿನ ಮೇಲಿಟ್ಟಳು. ಕಪ್ಪು ಎಣ್ಣೆ ತೊಟ್ಟಿಕ್ಕಿ ಬಿಳೀ ಕಾಗದಗಳ ಕಡೆ ಹರಿಯಿತು.

"ಇದೇನು ಗೊತ್ತಾ?"

"ಅಕ್ಕ, ಒಳಗೆ ಬಾ, ಮಾತಾಡೋಣ."

"ಇಲ್ಲೇ ಮಾತಾಡೋಣ. ಇವರೂ ಇರಲಿ, ಇವರೂ ಕೂತಿದ್ದೋರೇ ತಾನೇ. ಪೆಡಲು ಎಷ್ಟು ಸಲ ಒದ್ದೆ ಅವತ್ತು?"

"ಎಂಥ ಪೆಡಲು? ಗೊತ್ತಿದ್ದೇ ಹೊಳೆಗೆ ಇಳಿಸಿದ್ದು. ಎಲ್ಲರೂ ನೋಡಿದಾರೆ."

"ರಟ್ಟು ಯಾಕೆ ಬಿಚ್ಚಿದೆ?"

"ಯಾವ ರಟ್ಟು? ರಟ್ಟು ಗಿಟ್ಟು ಏನೂ ಇರಲಿಲ್ಲ."

"ನಿನ್ನ ಕಾರಿನ ಡಿಕ್ಕೀಲಿದೆ. ನಿನ್ನ ಮಗಳೇ ನೋಡಿದಾಳೆ."

ಗೆಳೆಯನ ಮುಖದ ನಗು ಹಾಗೇ ನಿಂತಿತ್ತು. ಅದನ್ನು ಇಟ್ಟುಕೊಳ್ಳುವುದೋ ತೆಗೆಯುವುದೋ ಅವನಿಗೆ ತಿಳಿಯುತ್ತಿರಲಿಲ್ಲ. ತಮ್ಮ ಎದ್ದ. ಈಗ ಅವನಿಗೂ ಸಿಟ್ಟು ಬಂದಿತ್ತು. ಸಿಕ್ಕಿಬಿದ್ದವನ ಸಿಟ್ಟು.

"ಒಂದು ಗುಜರಿ ಗಾಡಿಗೋಸ್ಕರ ಒಡಹುಟ್ಟಿದೋನ ಮಾನ ತೆಗೀತಿಯಾ? ಎಂಜಿನ್ ಹೋಯ್ತಾ, ಹೊಸಾದು ಹಾಕಿಸ್ಕೊಡ್ತೀನಿ. ಯಾವ ಗ್ಯಾರೇಜಿಗೆ ಬೇಕೋ ಅಲ್ಲಿಗೆ ಕಳಿಸ್ತೀನಿ. ಅಷ್ಟೇ ತಾನೇ ನಿನಗೆ ಬೇಕಾಗಿರೋದು?"

"ಎಂಜಿನ್ ನಾನು ಮಾಡ್ಕೊಳ್ತೀನಿ. ಅದಕ್ಕೆ ಬಂದಿಲ್ಲ ನಾನು." ಅಕ್ಕನ ದನಿ ಏರಲಿಲ್ಲ. ಅದು ಇನ್ನೂ ಕೆಟ್ಟದಾಗಿ ಕೇಳುತ್ತಿತ್ತು. "ಅವತ್ತು ಹಿಂದೆ ಕೂತಿದ್ರಲ್ಲ, ಒಬ್ಬೊಬ್ಬರಿಗೂ ನೀನೇ ಹೇಳಬೇಕು. ಬ್ರೇಕ್ ಇಲ್ಲ ಅಂತ ನನಗೆ ಗೊತ್ತಿತ್ತು, ಗೊತ್ತಿದ್ದೂ ಕೂರಿಸಿಕೊಂಡೆ ಅಂತ. ಮೊದಲು ನಿನ್ನ ಮಗಳಿಗೆ."

"ಹಾಗೆ ಹೇಳಿದ್ರೆ ಊರಲ್ಲಿ ನನ್ನ ಮುಖ ಯಾರು ನೋಡ್ತಾರೆ?"

"ಅವರು ಬದುಕಿದಾರೆ. ನೋಡೋಕೆ ಕಣ್ಣಿದೆ. ನೋಡದೇ ಇದ್ರೆ ಅದು ಅವರಿಷ್ಟ."

"ಹೇಳಲ್ಲ. ಏನು ಮಾಡ್ತೀಯ? ನೀನು ಬೇಕಿದ್ರೆ ಮೈಕ್ ಹಿಡಿದು ಹೇಳ್ಕೊಂಡು ಬಾ. ಆದ್ರೆ ಆಮೇಲೆ ನನಗೂ ನಿನಗೂ ಸಂಬಂಧ ಇಲ್ಲ."

"ಆ ದಿಬ್ಬ ಇಳಿಯೋವಾಗ ಒಂದು ಕ್ಷಣ ನಿನಗೆ ಮಗಳ ನೆನಪು ಬಂತಾ ಇಲ್ವಾ, ಅದೊಂದು ಹೇಳು."

ಅಕ್ಕ ಉತ್ತರಕ್ಕೆ ಕಾಯಲಿಲ್ಲ. ಸಿಲಿಂಡರನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡಳು. ಬಾಗಿಲವರೆಗೆ ಬಂದಾಗ ಹಿಂದೆ ಗೆಳೆಯ ಕೇಳುವುದು ಕೇಳಿಸಿತು, "ಏನ್ರೀ ಇದು? ನಿಜಾನಾ?"

ಮಾತು ಮನೆಯಿಂದ ಮನೆಗೆ ಹೋಯಿತು. ತಮ್ಮನ ಮಗಳು ತಾಯಿಗೆ ಹೇಳಿದಳು. ತಾಯಿ ಮಗಳು ಇಬ್ಬರೂ ಅವನ ಜೊತೆ ಮಾತು ಬಿಟ್ಟರು. ಬಳಗದವರ ಭಾನುವಾರದ ತಿರುಗಾಟ ನಿಂತಿತು. ಕೆಲವರು ಅಕ್ಕನನ್ನೇ ಬೈದರು. ಆಗಿದ್ದು ಆಗಿಹೋಯಿತು, ಯಾರಿಗೂ ಏನೂ ಆಗಿಲ್ಲ, ತಮ್ಮನನ್ನು ಬೀದಿಗೆ ಎಳೆಯುವ ಹೆಂಗಸು ಇವಳೆಂಥವಳು ಅಂದರು. ಆ ಮಾತು ಅಕ್ಕನ ಕಿವಿಗೂ ಬಿತ್ತು. "ಯಾರಿಗೂ ಏನೂ ಆಗಿಲ್ಲ" ಅನ್ನುವುದು ಕೇಳಿದಾಗೆಲ್ಲ ಅವಳ ಸಿಟ್ಟು ಹೊಸದಾಗಿ ಹೊತ್ತಿಕೊಳ್ಳುತ್ತಿತ್ತು. ಬದುಕಿ ಉಳಿದದ್ದನ್ನೇ ಬುದ್ಧಿವಂತಿಕೆ ಅಂದುಕೊಳ್ಳುವವರ ಹತ್ತಿರ ಏನು ಮಾತಾಡುವುದು?

ಅವಳು ಎಂಜಿನ್ನಿನ ಕೆಲಸಕ್ಕೆ ಬಿದ್ದಳು. ಬಾಗಿದ ರಾಡನ್ನು ತೆಗೆದು, ಹುಡುಕಿಸಿ ಬೇರೆಯದನ್ನು ತರಿಸಿದಳು. ಸಂದುಗಳಲ್ಲಿ ಸಿಕ್ಕ ಮರಳನ್ನು ಡೀಸೆಲಿನಲ್ಲಿ ಅದ್ದಿದ ಬ್ರಷ್ಷಿನಿಂದ ಉಜ್ಜಿ ಉಜ್ಜಿ ಕೆರೆದಳು. ಗಂಡ ಮೊದಮೊದಲು ಬಾಗಿಲಲ್ಲಿ ಚಹಾ ಇಟ್ಟು ಹೋಗುತ್ತಿದ್ದ. ಆಮೇಲೆ ಬಾಗಿಲಲ್ಲೇ ನಿಲ್ಲತೊಡಗಿದ. ಒಂದು ದಿನ, "ನನಗೂ ಏನಾದ್ರೂ ಕೆಲಸ ಹೇಳು" ಅಂದ.

"ನಟ್ಟು ತೊಳೀರಿ" ಅಂದಳು ಅವನ ಕಡೆ ತಿರುಗದೆ.

ಅವನು ಅಂಗಡಿಯಲ್ಲಿ ಕನ್ನಡಕದ ಗಾಜು ಒರೆಸುವ ಹಾಗೆ ಒಂದೊಂದು ನಟ್ಟನ್ನೂ ಒರೆಸಿ ಸಾಲಾಗಿ ಇಟ್ಟ. ಅದನ್ನು ನೋಡಿ ಅಕ್ಕನಿಗೆ ಸಿಟ್ಟಿನ ನಡುವೆಯೂ ತುಟಿ ಬಿಚ್ಚಿತು. "ಕೋಣಕ್ಕೆ ಓದೋ ಕನ್ನಡಕ ಮಾಡಿಕೊಡ್ತೀರಾ ಹೇಗೆ?" ಅಂದಳು. ಅಂದದ್ದು ಅಷ್ಟೇ. ಮತ್ತೆ ಹತ್ತು ದಿನ ಅವನ ಜೊತೆ ನೆಟ್ಟಗೆ ಮಾತಾಡಲಿಲ್ಲ.

ಒಂದು ಮಧ್ಯಾಹ್ನ ಅಕ್ಕ ಪೇಟೆಗೆ ಹೋಗಿದ್ದಾಗ ತಮ್ಮ ಒಂದು ದೊಡ್ಡ ಲಾರಿಯನ್ನೂ ಇಬ್ಬರು ಆಳುಗಳನ್ನೂ ಕಳಿಸಿದ. ಟ್ರಕ್ಕನ್ನು ಗ್ಯಾರೇಜಿಗೆ ಒಯ್ದು, ಹೊಸದರಂತೆ ಮಾಡಿಸಿ ಕಳಿಸುತ್ತಾರಂತೆ. ಅಕ್ಕ ಚೀಲ ಹಿಡಿದು ಬೀದಿಯ ತಿರುವಿಗೆ ಬಂದಾಗ ಗೇಟಿನ ಮುಂದೆ ಲಾರಿ ನಿಂತಿತ್ತು. ಗೇಟಿನ ನಡುವೆ ಗಂಡ ನಿಂತಿದ್ದ. ಕೈಯಲ್ಲಿ ತೊಳೆಯುತ್ತಿದ್ದ ನಟ್ಟು, ಮೊಣಕೈವರೆಗೆ ಡೀಸೆಲು.

"ಯಜಮಾನ್ರೇ, ನಮಗೆ ಹೇಳಿದಾರೆ, ನಾವು ಒಯ್ಯಬೇಕು" ಅನ್ನುತ್ತಿದ್ದ ಲಾರಿಯವನು.

"ಇಲ್ಲ" ಅಂದ ಗಂಡ.

"ಫೋನಲ್ಲಿ ಮಾತಾಡಿ ಬೇಕಿದ್ರೆ. ನಿಮ್ಮ ಭಾವಮೈದ ಲೈನಲ್ಲೇ ಇದಾರೆ."

"ಮಾತಾಡೋದಿಲ್ಲ. ಗಾಡಿ ಹೋಗೋದಿಲ್ಲ."

ಲಾರಿ ಹಿಂದೆ ಸರಿದು ಹೋಯಿತು. ಅಕ್ಕ ಗೇಟಿನ ಹತ್ತಿರ ಬಂದಾಗ ಅವನು ಇನ್ನೂ ಅಡ್ಡ ನಿಂತೇ ಇದ್ದ. ಅವಳು ಚೀಲ ಅವನ ಕೈಗೆ ಕೊಟ್ಟಳು. ಅವತ್ತು ಅವರಿಬ್ಬರೂ ಒಟ್ಟಿಗೆ ಕೂತು ಉಂಡರು.

ಎಂಜಿನ್ ಮತ್ತೆ ಗಾಡಿಗೆ ಕೂತಿತು, ಶುರುವೂ ಆಯಿತು. ಕಡೆಗೆ ಬ್ರೇಕಿನ ಸರದಿ. ಹೊಸ ರಬ್ಬರು ಹಾಕಿ, ಹೊಸ ಎಣ್ಣೆ ತುಂಬಿ, ಕೊಳವೆಯೊಳಗಿನ ಗಾಳಿಯನ್ನು ಹೊರಗೆ ತೆಗೆಯಬೇಕು. ಅದು ಇಬ್ಬರ ಕೆಲಸ. ಗಂಡ ಮೇಲೆ ಕೂತು ಪೆಡಲು ಒತ್ತುತ್ತಿದ್ದ. ಅಕ್ಕ ಗಾಡಿಯ ಕೆಳಗೆ ಅಂಗಾತ ಮಲಗಿ ಚಕ್ರದ ಹಿಂದಿನ ಸಣ್ಣ ಸ್ಕ್ರೂ ಸಡಿಲಿಸಿ, ಗುಳ್ಳೆಗಳು ಹೋಗುವುದನ್ನು ನೋಡುತ್ತಿದ್ದಳು.

"ಒತ್ತಿ. ಹಿಡಿದಿರಿ. ಬಿಡಿ."

ಆಗ ಶೆಡ್ಡಿನ ಬಾಗಿಲಲ್ಲಿ ಒಂದು ಜೊತೆ ಬೂಟು ಬಂದು ನಿಂತಿತು. ಗಾಡಿಯ ಕೆಳಗಿಂದ ಅವಳಿಗೆ ಕಂಡದ್ದು ಬೂಟು ಮಾತ್ರ. ಯಾರದೆಂದು ಗೊತ್ತಾಯಿತು.

"ಅಕ್ಕ."

"ಒತ್ತಿ" ಅಂದಳು ಅಕ್ಕ ಗಂಡನಿಗೆ.

"ಅಕ್ಕ, ಕಾಲಿಟ್ಟೆ, ಇರಲಿಲ್ಲ" ಅಂದ ತಮ್ಮ. ಅವನ ದನಿಯಲ್ಲಿ ಅಂಗಡಿಯ ಗತ್ತು ಇರಲಿಲ್ಲ. "ಮೊದಲನೇ ತಿರುವಲ್ಲಿ ಇತ್ತು. ಎರಡನೇದರಲ್ಲಿ ಕಾಲಿಟ್ಟೆ, ನೆಲಕ್ಕೆ ಹೋಯ್ತು. ಕನ್ನಡೀಲಿ ಅವಳ ಜಡೆ ಕಾಣ್ತಿತ್ತು. ಕೂಗೋಕೆ ಹೋದೆ, ದನಿಯೇ ಹೊರಡಲಿಲ್ಲ. ಅದನ್ನ ಯಾರ ಹತ್ರಾನೂ ಹೇಳೋಕಾಗದೆ ಹಾರಿಸಿದೆ ಅಂದೆ. ಒಂದು ಸಲ ಅಂದ ಮೇಲೆ..."

ಗಂಡ ಪೆಡಲು ಹಿಡಿದೇ ಕೂತಿದ್ದ. ಅಕ್ಕ ಸ್ಕ್ರೂ ಬಿಗಿದಳು.

"ಬಿಡಿ" ಅಂದಳು ಗಂಡನಿಗೆ. "ಮಗಳಿಗೆ ಹೇಳಿದ್ಯಾ?"

"ಹೇಳಿದೆ. ಅವಳು ಇನ್ನೂ ಮಾತಾಡ್ತಿಲ್ಲ."

"ಉಳಿದೋರಿಗೆ?"

"ಒಬ್ಬೊಬ್ಬರ ಮನೆಗೇ ಹೋಗಿ ಹೇಳಿದೆ. ಒಬ್ಬ ಹೊಡೆಯೋಕೇ ಬಂದ. ಇನ್ನೂ ಇಬ್ಬರು ಬಾಕಿ."

"ಹೇಳಿ ಬಾ."

"ಅವರಲ್ಲಿ ಒಬ್ಬರು ನನ್ನ ಅಂಗಡಿಗೆ ದೊಡ್ಡ ಗಿರಾಕಿ ಅಕ್ಕ. ಹೇಳಿದ್ರೆ ವ್ಯಾಪಾರ ಹೋಗತ್ತೆ. ಅವರನ್ನೊಂದು ಬಿಟ್ಟು..."

"ಒತ್ತಿ" ಅಂದಳು ಅಕ್ಕ. "ಹಿಡಿದಿರಿ."

ಬೂಟುಗಳು ಹಿಂದಕ್ಕೆ ತಿರುಗಿದವು. ಆಮೇಲೆ ಹೋದವು. ಅವಳ ಕಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು. ಅಂಗಾತ ಮಲಗಿದ್ದರಿಂದ, ಕೈಯೆಲ್ಲ ಬ್ರೇಕಿನ ಎಣ್ಣೆಯಾಗಿದ್ದರಿಂದ ಒರೆಸಿಕೊಳ್ಳಲಿಲ್ಲ. ತಮ್ಮ ಚಿಕ್ಕವನಿದ್ದಾಗ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳೇ. ಆ ನೆನಪಿನಿಂದ ಸಿಟ್ಟು ಇಳಿಯಬಹುದು ಅಂದುಕೊಂಡಳು. ಇಳಿಯಲಿಲ್ಲ, ಇನ್ನಷ್ಟು ಹೆಚ್ಚಾಯಿತು.

ಆ ತಿಂಗಳ ಕೊನೆಗೆ ಗಾಡಿ ರಸ್ತೆಗಿಳಿಯಿತು. ಹಲವು ದಿನ ಅಕ್ಕ ಒಬ್ಬಳೇ ಇಳಿಜಾರುಗಳಲ್ಲಿ ಓಡಿಸಿ, ನಿಲ್ಲಿಸಿ, ಓಡಿಸಿ ನೋಡಿದಳು. ಹಿಂದೆ ಖಾಲಿ ಇಟ್ಟು, ಆಮೇಲೆ ಮರಳಿನ ಚೀಲ ತುಂಬಿ ನೋಡಿದಳು. ತಮ್ಮನ ಮಗಳು ನಾನೂ ಬರುತ್ತೇನೆ ಅಂತ ಗೇಟಿನಲ್ಲಿ ನಿಂತರೆ ಬ್ರೇಕ್ ಬಗ್ಗೆ ತನಗೆ ನಂಬಿಕೆ ಬರುವ ತನಕ ಕೂರಿಸಿಕೊಳ್ಳಲಿಲ್ಲ. ನಂಬಿಕೆ ಬಂದ ಮೇಲೂ ಹಿಂದೆ ಕೂರಿಸಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, "ನನ್ನ ಕಾಲು ನೋಡ್ತಾ ಇರು" ಅಂದಳು. ಈಗ ಹುಡುಗಿ ಭಾನುವಾರಗಳಲ್ಲಿ ಬಂದು ಗಾಡಿ ಓಡಿಸುವುದನ್ನು ಕಲಿಯುತ್ತಿದ್ದಾಳೆ. ಹತ್ತುವ ಮುಂಚೆ ಪೆಡಲು ಒತ್ತಿ ನೋಡದೆ ಕೀ ಮುಟ್ಟುವುದಿಲ್ಲ.

ತಮ್ಮ ಆ ಇಬ್ಬರಲ್ಲಿ ಒಬ್ಬರಿಗೆ ಹೇಳಿದನಂತೆ. ದೊಡ್ಡ ಗಿರಾಕಿಗೆ ಹೇಳಿಲ್ಲ. ಅಂಗಡಿಯ ಗೋಡೆಯ ಮೇಲಿನ ಫೋಟೋ ತೆಗೆದಿದ್ದಾನೆ ಅಂತ ಗಂಡ ಬಂದು ಹೇಳಿದಾಗ ಅಕ್ಕ, "ಫೋಟೋ ತೆಗೆ ಅಂತ ಯಾರು ಹೇಳಿದ್ರು ಅವನಿಗೆ?" ಅಂದಳು.